ಎಚ್ಚರಿಕೆಯ ಇಟಾಲಿಯನ್

ನನಗೆ ಬರುವ ಇಟಾಲಿಯನ್ ಪೂರಾ ಎಚ್ಚರಿಕೆ.
ಅತ್ತೆಂತ್ಸಿಯೋನೆ. ನೋನ್ ತೊಕ್ಕಾರೆ.
ಗಮನಿಸಿ. ಮುಟ್ಟಬೇಡಿ.
ಕವಚ ತೆಗೆಯುವ ಮೊದಲು ಕರೆಂಟು ಆರಿಸಿ.
ಪೀಣ್ಯ ಎರಡನೇ ಹಂತ, ಹದಿನೇಳು ವರ್ಷ,
ಚಾಕೊಲೇಟಿಗೆ ಕಾಗದ ಸುತ್ತುವ ಯಂತ್ರಗಳ ಮೈಮೇಲೆ
ಕೆಂಪು ಹಳದಿ ಚೀಟಿ ಅಂಟಿಸಿದವಳು,
ಬೊಲೋನ್ಯದ ಮಾತನ್ನು ಮುನಿಚೌಡಪ್ಪನ ಕನ್ನಡಕ್ಕೆ ತಂದವಳು,
ಯಾರ ಬೆರಳೂ ಹೋಗದ ಹಾಗೆ.
ಒಂದು ಹೋಯಿತು.
ಆ ಚೀಟಿ ಎಣ್ಣೆಗೆ ಮಸುಕಾಗಿತ್ತು.

ಈಗ ಯಂತ್ರದ ಪರದೆಯೇ ಹದಿನಾರು ಭಾಷೆ ಮಾತಾಡುತ್ತದೆ.
ಶುಕ್ರವಾರ ನನ್ನ ಕೊನೆ ದಿನ.
ಅಲ್ಲಿಯವರಿಗೂ ಎರಡು ಸಾಲು ಬರೀಬೇಕಲ್ಲ,
ಎರ್ಮಾನ್ನೊಗೆ, ಬಿಡಿಭಾಗದ ಲೊರೆದಾನಾಗೆ,
ಸಹಿ ಗೊತ್ತು ಮುಖ ಗೊತ್ತಿಲ್ಲ ಅನ್ನುವ ಡ್ರಾಯಿಂಗ್ ವಿಭಾಗದವರಿಗೆ.
ಹುಡುಕಿದರೆ ನನ್ನ ಹತ್ತಿರ ಇರುವುದೆಲ್ಲ
ನಿಲ್ಲಿಸು, ಬಿಗಿ ಮಾಡು, ಒಣಬಟ್ಟೆಯಲ್ಲಿ ಒರೆಸು.
ಹೊರಟೆ ಅನ್ನುವುದಕ್ಕೆ ಪಾರ್ಟ್ ನಂಬರ್ ಇಲ್ಲ.

ಫೋನು ಮಾಡಿದೆ. ಅಲ್ಲಿ ಬೆಳಗಿನ ಕಾಫಿ, ಇಲ್ಲಿ ಊಟದ ಗಂಟೆ.
ಅದ್ದೀಯೊ ಅಂತ ಬರೀಲಾ?
ಬೇಡ ಬೇಡ, ಅಂದ ಎರ್ಮಾನ್ನೊ,
ಅದು ಮತ್ತೆ ಸಿಗದವರಿಗೆ, ಮಣ್ಣಿಗೆ ಹೋದವರಿಗೆ.
ಅರ್ರಿವೆದೆರ್ಚಿ ಅನ್ನು, ಮತ್ತೆ ನೋಡುವ ತನಕ.
ನಗು ಬಂತು. ನಮ್ಮಮ್ಮ ಹೊಸ್ತಿಲಲ್ಲಿ ತಡೆದು ತಿದ್ದಿದ್ದೂ ಇದೇ:
ಹೋಗ್ತೀನಿ ಅನ್ನಬಾರದು ಕಣೆ, ಬರ್ತೀನಿ ಅನ್ನು.
ಹೊರಡುವಾಗಲೇ ಬರುವ ಮಾತಾಡುವ ಜನ
ನಾವೊಬ್ಬರೇ ಅಂದುಕೊಂಡಿದ್ದೆ.

ಆಮೇಲೆ ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ದು:
ಮಿ ಮಾಂಕೆರೇತೆ.
ಇಂಗ್ಲಿಷಿನಲ್ಲಾದರೆ ಮಿಸ್ ಮಾಡುವವಳು ನಾನು, ಕೆಲಸವೆಲ್ಲ ನನ್ನದೇ.
ಇದರಲ್ಲಿ ನಾನೇನೂ ಮಾಡುವುದಿಲ್ಲ.
ನನಗೆ ನೀವು ಕಡಿಮೆ ಬೀಳುತ್ತೀರಿ, ಅಷ್ಟೆ.
ನನಗೆ ಹಸಿವು, ನನಗೆ ಜ್ವರ, ನನಗೆ ನಿದ್ದೆ ಇಲ್ಲ
ಅನ್ನುತ್ತೇವಲ್ಲ, ಹಾಗೆ.
ಸ್ಟಾಕ್ ಪುಸ್ತಕದ ಹಾಗೂ ಇದೆ:
ಬೇರಿಂಗ್ ಆರು ಕಡಿಮೆ, ಬೆಲ್ಟು ಎರಡು ಕಡಿಮೆ,
ಫ್ಲೇವಿಯಾ ಒಬ್ಬಳು ಕಡಿಮೆ,
ಫೋರ್ಕ್‌ಲಿಫ್ಟಿನ ಮೇಲೆ ನೂರುಲ್ಲಾ ಹಾಕುವ ಸೀಟಿ ಕಡಿಮೆ.

ಕೊನೆಗೆ ತೋಳ.
ಇನ್ ಬೊಕ್ಕಾ ಅಲ್ ಲೂಪೊ. ತೋಳದ ಬಾಯಿಗೆ ಹೋಗು!
ಹಾರೈಕೆಯಂತೆ ಅದು. ಥ್ಯಾಂಕ್ಸ್ ಅನ್ನಬಾರದಂತೆ.
ಕ್ರೇಪಿ ಅನ್ನಬೇಕು, ಸಾಯಲಿ ತೋಳ.
ಟೀ ಹೊತ್ತಿಗೆ ಮುನಿಚೌಡಪ್ಪನಿಗೆ ಹೇಳಿದೆ.
ಒಂಬತ್ತು ಬೆರಳಲ್ಲಿ ಲೋಟ ತಿರುಗಿಸುತ್ತ ಯೋಚಿಸಿದ.
"ನಮ್ಮಲ್ಲಿ ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು.
ಅವರಲ್ಲಿ ಆಳೇ ತೋಳದೊಳಕ್ಕೆ.
ಒಟ್ನಲ್ಲಿ ಮೇಡಂ, ತೋಳಕ್ಕೆ ಎಲ್ಲೂ ಸುಖ ಇಲ್ಲ."

ಶುಕ್ರವಾರ
ಆಳಿಗೊಂದು ಸಹಿ ಬಿದ್ದ ಕಾರ್ಡು, ಗಂಧದ ಹಾರ,
ಗೋಡಂಬಿ ಬರ್ಫಿ.
ಟ್ರಯಲ್ ರನ್ ನೆಪದಲ್ಲಿ
ಒಂದೊಂದಕ್ಕೂ ಕಾಗದ ಸುತ್ತಿಸಿದ್ದರು ಹುಡುಗರು.
ಎರಡು ಮಾತಾಡಿ ಅಂದರು.
ಕಲಿತದ್ದೊಂದೂ ಬಾಯಿಗೆ ಬರಲಿಲ್ಲ,
ಗಂಟಲಲ್ಲಿ ಇದ್ದದ್ದು ಅತ್ತೆಂತ್ಸಿಯೋನೆ.
ನಾಲ್ಕನೇ ಯಂತ್ರದ ಹಲ್ಲುಗಾಲಿ ಜೋಪಾನ, ಅಂದೆ.
ಆರಿಸದೆ ಕೈ ಹಾಕಬೇಡಿ, ಅಂದೆ.
ಯಾಕೋ ಚಪ್ಪಾಳೆ ತಟ್ಟಿದರು.
ಮುನಿಚೌಡಪ್ಪ ತಟ್ಟಲಿಲ್ಲ. ಮೂಗು ಒರೆಸಿಕೊಂಡ.

ಬೊಲೋನ್ಯಕ್ಕೆ ಬರೆದದ್ದು ಒಂದೇ ಸಾಲು, ನನಗೆ ನೀವು ಕಡಿಮೆ ಬೀಳುವ ಸಾಲು.
ಲೊರೆದಾನಾ ಒಂದು ವ್ಯಾಕರಣ ತಪ್ಪು ತಿದ್ದಿ
ವಾಪಸು ಕಳಿಸಿದಳು, ಕೆಳಗೆ ಅದನ್ನೇ ನನಗೂ ಬರೆದು.

ಗುರುತಿನ ಚೀಟಿ ಕೊಟ್ಟೆ.
ಗೇಟಿನ ರಿಜಿಸ್ಟರಿನ 'ಹೊರಗೆ' ಅನ್ನುವ ಕಡೆ
ಐದು ನಲವತ್ತು ಅಂತ ಬರೆದೆ.
ಮೊಳೆಗೆ ನೇತುಹಾಕಿದ್ದ ನನ್ನ ಸ್ಟೀಲ್ ಲೋಟ ತರಲಿಲ್ಲ.
ಮರೆತಿರಿ, ಅಂತ ಅಷ್ಟು ದೂರದಿಂದ ಕೂಗಿದ ನೂರುಲ್ಲಾ.
ಇರಲಿ ಬಿಡಿ, ಬರ್ತೀನಲ್ಲ.

ಸೋಮವಾರದ ಹೊತ್ತಿಗೆ
ಯಾರೋ ಅದರಲ್ಲಿ ಸ್ಕ್ರೂ ತುಂಬಿರುತ್ತಾರೆ, ಗೊತ್ತು.
ಎಂಟು ಮಿಲಿಮೀಟರಿನವು.